ಬ್ರೇಕ್ ಹಾಕಿದ ಹುಲಿಗೆಮ್ಮ

ಬಳ್ಳಾರಿಯಲ್ಲಿ ಹುಲಿಗೆಮ್ಮ ಎಂಬ ಹೆಂಗಸಿದ್ದಳು. ಜೀನ್ಸ್ ಪ್ಯಾಂಟು ಹೊಲಿಸುವ ಸಣ್ಣ ಘಟಕ ಅವಳದು. ವಾರವೆಲ್ಲ ಹೊಲಿಗೆ ಮಿಷನ್ನುಗಳ ಸದ್ದಿನ ನಡುವೆ ಇರುತ್ತಿದ್ದಳು. ಭಾನುವಾರ ಬಂತೆಂದರೆ ಅವಳಿಗೆ ಬೇರೆಯೇ ಸದ್ದು ಬೇಕಾಗುತ್ತಿತ್ತು. ಅದು ಅವಳ ಕಾರಿನ ಸದ್ದು.

ಆ ಕಾರನ್ನು ಹೊರಗಿನಿಂದ ನೋಡಿದವರು ಮೋಸ ಹೋಗುತ್ತಿದ್ದರು. ಮನೆಮಂದಿ ಮಾರ್ಕೆಟ್ಟಿಗೆ ಹೋಗಿ ಕಾಯಿಪಲ್ಯ ತರುವಂಥ ಪುಟ್ಟ ಕಾರು, ಹಿಂಭಾಗ ಮೋಟು. ಆದರೆ ಬಾನೆಟ್ಟಿನ ಕೆಳಗೆ ಅದರ ಮೈಗೆ ಮೀರಿದ ಎಂಜಿನ್. ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಅದನ್ನು ಹುಲಿಗೆಮ್ಮ ತನ್ನ ಸ್ವಂತ ದುಡಿಮೆಯಲ್ಲಿ ಕೊಂಡಿದ್ದಳು. "ನಲವತ್ತು ದಾಟಿದ ಹೆಂಗಸಿಗೆ ಇಂಥ ಕಾರು ಯಾಕೆ?" ಎಂದು ನೆಂಟರು ಕೇಳಿದಾಗ "ಓಡಿಸಾಕೆ" ಎಂದಿದ್ದಳು. ಅದಕ್ಕಿಂತ ಹೆಚ್ಚಿನ ಉತ್ತರ ಕೊಡುವ ಅಗತ್ಯ ಅವಳಿಗೆ ಕಂಡಿರಲಿಲ್ಲ.

ಅಂಥದೇ ಕಾರು ಇಟ್ಟುಕೊಂಡವರ ಗುಂಪೊಂದು ಆ ಊರಿನಲ್ಲಿತ್ತು. ಗ್ರಾನೈಟ್ ವ್ಯಾಪಾರಿ ಎರ್ರಿಸ್ವಾಮಿ ಅದರ ಮುಖಂಡ. ಪ್ರತಿ ಭಾನುವಾರ ಬೆಳಿಗ್ಗೆ ಎಲ್ಲರೂ ಸೇರಿ ಕೆಂಗಲ್ಲು ಘಾಟಿಗೆ ಹೋಗುತ್ತಿದ್ದರು. ಅದು ಅದಿರಿನ ಲಾರಿಗಳು ಓಡಾಡುವ ದಾರಿ. ಭಾನುವಾರ ಮಾತ್ರ ಲಾರಿಗಳಿಗೆ ರಜೆ. ಕೆಂಪು ಗುಡ್ಡ ಸುತ್ತಿಕೊಂಡು ಮೇಲೆ ಹತ್ತುವುದು, ಮೇಲಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಚಹಾ ಕುಡಿಯುವುದು, ಆಮೇಲೆ ಒಬ್ಬರ ಹಿಂದೊಬ್ಬರು ಭರ್ರನೆ ಇಳಿಯುವುದು. ಇದು ಅವರ ಭಾನುವಾರ.

ಎರ್ರಿಸ್ವಾಮಿ ಒಂದು ಪದ್ಧತಿ ಮಾಡಿದ್ದ. ಘಾಟಿ ಇಳಿಯುವಾಗ ಯಾರ ಕಾರಿನ ಬ್ರೇಕ್ ದೀಪ ಹೆಚ್ಚು ಸಲ ಹೊತ್ತಿತೋ ಅವರ ಕಾರಿನ ಹಿಂದಿನ ವೈಪರಿಗೆ ಒಂದು ಕೆಂಪು ಬಟ್ಟೆ ಕಟ್ಟಬೇಕು. ಮುಂದಿನ ಭಾನುವಾರದ ತನಕ ಅದನ್ನು ಬಿಚ್ಚುವಂತಿಲ್ಲ. ಊರಲ್ಲಿ ಕಾರಿನ ಹುಚ್ಚಿರುವವರಿಗೆಲ್ಲ ಆ ಬಟ್ಟೆಯ ಅರ್ಥ ಗೊತ್ತಿತ್ತು. ಪೆಟ್ರೋಲ್ ಬಂಕಿನವರೂ ನೋಡಿ ನಗುತ್ತಿದ್ದರು. ಬ್ರೇಕ್ ಹಾಕುವವರು ಪುಕ್ಕಲರು, ಇದು ಎರ್ರಿಸ್ವಾಮಿಯ ಮಾತು. ಗುಂಪು ಅದನ್ನು ನಂಬಿತ್ತು. ನಿಜ ಹೇಳಬೇಕೆಂದರೆ, ಮೊದಮೊದಲು ಹುಲಿಗೆಮ್ಮನೂ ನಂಬಿದ್ದಳು.

ಒಂದು ದಿನ ಎರ್ರಿಸ್ವಾಮಿ ಅವಳ ಕಾರಿನ ಬಾನೆಟ್ ತಟ್ಟಿ ಹೇಳಿದ, "ತಂಗೆಮ್ಮ, ಎಂಜಿನ್ ಕಂಪ್ಯೂಟರ್ ತಿದ್ದಿಸು. ಇನ್ನೂ ಶಕ್ತಿ ಬರ್ತೈತೆ. ನಾನು ಮಾಡಿಸೀನಿ, ನೋಡಿದ್ಯಲ್ಲ?"

ಹುಲಿಗೆಮ್ಮ ಮಾಡಿಸಿದಳು. ಕಾರು ಹಾರಿತು. ಅವಳಿಗೂ ಸಂತೋಷವಾಯಿತು. ಮುಂದಿನ ಭಾನುವಾರ ಘಾಟಿ ಹತ್ತುವಾಗ ಅವಳ ಹಿಂದೆ ಯಾರೂ ಕಾಣಲಿಲ್ಲ.

ಇಳಿಯುವಾಗ ಬೇರೆಯೇ ಆಯಿತು. ವೇಗ ಹೆಚ್ಚಿತ್ತು, ಆದ್ದರಿಂದ ಪ್ರತಿ ತಿರುವಿಗೂ ಕಾಲು ಬ್ರೇಕಿಗೆ ಹೋಗಲೇಬೇಕಿತ್ತು. ಅರ್ಧ ಘಾಟಿ ಇಳಿದ ಮೇಲೆ ಸುಟ್ಟ ವಾಸನೆ ಬಂತು. ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಅದು ಹಸಿ ಹಿಟ್ಟು ಒತ್ತಿದ ಹಾಗೆ ಮೆತ್ತಗೆ ಒಳಗೆ ಹೋಯಿತು. ಕಾರು ನಿಲ್ಲಲಿಲ್ಲ. ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ಗೇರು ಇಳಿಸಿದಳು, ಎಂಜಿನ್ ಕಿರುಚಿತು. ಎದುರಿಗೆ ತಡೆಗೋಡೆ, ಅದರಾಚೆ ಬರೀ ಗಾಳಿ. ರಸ್ತೆಯಂಚಿನಲ್ಲಿ ಯಾರೋ ಅದಿರಿನ ಮಣ್ಣು ಗುಡ್ಡೆ ಹಾಕಿದ್ದರು. ಹುಲಿಗೆಮ್ಮ ಸ್ಟೇರಿಂಗ್ ಅದರ ಕಡೆ ತಿರುಗಿಸಿದಳು. ಕಾರು ಮಣ್ಣಿನೊಳಗೆ ಮೂತಿ ತೂರಿಸಿಕೊಂಡು ನಿಂತಿತು.

ಅವಳು ಹೊರಗೆ ಇಳಿದಳು. ಮುಂದಿನ ಚಕ್ರಗಳಿಂದ ಹೊಗೆ ಏಳುತ್ತಿತ್ತು. ಗುಂಪಿನವರು ಬಂದು ಕಾರನ್ನು ಎಳೆದು ತೆಗೆದರು. ಯಾರೋ ಫೋಟೋ ಹಿಡಿದರು. ಎರ್ರಿಸ್ವಾಮಿ ನಗುತ್ತ ಹೇಳಿದ, "ಬ್ರೇಕ್ ಮ್ಯಾಲೆ ಕಾಲಿಟ್ಟರೆ ಹಿಂಗೇ ಆಗೋದು. ಕಾಲು ಇಡಬ್ಯಾಡ."

ಆ ಮಾತು ಕೇಳಿದಾಗ ಹುಲಿಗೆಮ್ಮನ ಹೆದರಿಕೆ ಹೋಯಿತು. ಅದರ ಜಾಗದಲ್ಲಿ ಸಿಟ್ಟು ಬಂತು. ಸಿಟ್ಟು ಎರ್ರಿಸ್ವಾಮಿಯ ಮೇಲಷ್ಟೇ ಅಲ್ಲ, ಅವನ ಮಾತಿಗೆ ಇಷ್ಟು ದಿನ ತಲೆಯಾಡಿಸಿದ ತನ್ನ ಮೇಲೂ ಬಂತು.

ಮರುದಿನ ಅವಳು ಕಾರನ್ನು ಮಸ್ತಾನ್ ಸಾಬರ ಗ್ಯಾರೇಜಿಗೆ ಒಯ್ದಳು. ಅವಳ ಗಾಡಿಗಳನ್ನು ಮೊದಲಿನಿಂದಲೂ ನೋಡುತ್ತಿದ್ದವರು ಅವರೇ. ಸಾಬರು ಚಕ್ರ ಬಿಚ್ಚಿದರು. ಬ್ರೇಕಿನ ಡಿಸ್ಕು ಬಿಸಿಗೆ ನೀಲಿಗಟ್ಟಿತ್ತು. ಪ್ಯಾಡುಗಳು ಗಾಜಿನ ಹಾಗೆ ನುಣುಪಾಗಿದ್ದವು.

"ಬ್ರೇಕ್ ಆಯಿಲ್ ಕುದ್ದೈತಮ್ಮ," ಎಂದರು ಸಾಬರು. "ಕುದ್ದರೆ ಒಳಗೆ ಗಾಳಿ ಗುಳ್ಳೆ ಆಗ್ತೈತೆ. ಆಮೇಲೆ ನೀವು ಗುಳ್ಳೆ ಒತ್ತತೀರಿ, ಬ್ರೇಕ್ ಒತ್ತಲ್ಲ. ಈ ಬ್ರೇಕು ಊರೊಳಗೆ ಓಡಾಡೋಕೆ ಸಾಕು. ನೀವು ಓಡಿಸೋ ಹಂಗೆ ಓಡಿಸಿದರೆ ಸಾಲಲ್ಲ."

"ಹಂಗಾರೆ ನಾನು ಓಡಿಸೋದು ಬಿಡಬೇಕಾ?"

"ನಾನು ಹಂಗ್ ಅಂದೆನಾ? ಒಂದೋ ಹಗೂರ ಓಡಿಸ್ರಿ, ಇಲ್ಲಾ ಬ್ರೇಕ್ ಬದಲಾಯಿಸ್ರಿ. ಎರಡೂ ಮಾಡಿದ್ರೆ ಇನ್ನೂ ಚಲೋ."

ಹುಲಿಗೆಮ್ಮ ನಕ್ಕಳು. "ಎರಡೂ ಮಾಡ್ತೀನಿ. ದೊಡ್ಡ ಡಿಸ್ಕ್ ಹಾಕ್ರಿ. ಬಿಸಿ ತಡೆಯೋ ಪ್ಯಾಡ್ ಹಾಕ್ರಿ. ಆಯಿಲ್ ಒಳ್ಳೇದು ಹಾಕ್ರಿ. ರಬ್ಬರ್ ಪೈಪ್ ತೆಗೆದು ಸ್ಟೀಲ್ ಬಲೆ ಸುತ್ತಿರೋ ಪೈಪ್ ಹಾಕ್ರಿ. ಏನೇನು ಬೇಕೋ ಎಲ್ಲಾ ಮಾಡ್ರಿ."

"ಟೈರು?"

"ಟೈರು ಚೆನ್ನಾಗೇ ಅದಾವಲ್ಲ?"

"ನೋಡಾಕೆ ಚೆನ್ನಾಗದಾವೆ. ರಬ್ಬರ್ ಗಟ್ಟಿ ಆಗ್ಯೈತೆ. ಬ್ರೇಕು ಚಕ್ರ ಹಿಡಿತೈತಮ್ಮ, ನೆಲ ಹಿಡಿಯೋದು ಟೈರು."

"ಅದನ್ನೂ ಹಾಕ್ರಿ."

ಈ ಸುದ್ದಿ ಗುಂಪಿಗೆ ಹೋಯಿತು. ಫೋನಿನಲ್ಲಿ ತಮಾಷೆಯ ಮೆಸೇಜುಗಳು ಶುರುವಾದವು. 'ಹುಲಿಗೆಮ್ಮಕ್ಕ ನಿಲ್ಲಾಕೆ ಕಾರು ತಗಂಡಾಳ' ಎಂದು ಒಬ್ಬ ಬರೆದ. 'ಮನೆ ಮುಂದೆ ನಿಲ್ಲಿಸಿದ್ರೆ ಪುಕ್ಕಟೆ ನಿಂತಿರ್ತೈತಲ್ಲ' ಎಂದು ಇನ್ನೊಬ್ಬ. ಹುಲಿಗೆಮ್ಮ ಓದಿದಳು, ಫೋನು ಮಗುಚಿಟ್ಟು ಕೆಲಸ ನೋಡಿಕೊಂಡಳು.

ಕಾರು ಸಿದ್ಧವಾದಾಗ ಸಾಬರು ಒಂದು ಮಾತು ಹೇಳಿದರು. "ಹೊಸ ಪ್ಯಾಡು, ಹೊಸ ಡಿಸ್ಕು. ಮೊದಲು ಖಾಲಿ ರಸ್ತೇಲಿ ಸುಮ್ಮನೆ ಹಾಕಿ ಬಿಟ್ಟು, ಹಾಕಿ ಬಿಟ್ಟು ಪಳಗಿಸ್ರಿ. ಇವತ್ತೇ ಘಾಟಿಗೆ ಹೋಗಬ್ಯಾಡ್ರಿ." ಹುಲಿಗೆಮ್ಮ ಹಾಗೆಯೇ ಮಾಡಿದಳು. ಬೈಪಾಸ್ ರಸ್ತೆಯಲ್ಲಿ ಓಡಿಸಿ, ನಿಧಾನ ಮಾಡಿ, ಮತ್ತೆ ಓಡಿಸಿ, ಪೆಡಲ್ ತನ್ನ ಕಾಲಿಗೆ ಗೊತ್ತಾಗುವ ತನಕ ಅಭ್ಯಾಸ ಮಾಡಿದಳು. ಈಗ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಎಷ್ಟು ಒತ್ತಿದರೆ ಅಷ್ಟು ಹಿಡಿಯುತ್ತಿತ್ತು.

ಮತ್ತೆ ಭಾನುವಾರ ಬಂತು. ಘಾಟಿ ಇಳಿಯುವಾಗ ಹುಲಿಗೆಮ್ಮ ಪ್ರತಿ ತಿರುವಿಗೂ ಮೊದಲೇ ಬ್ರೇಕ್ ಹಾಕಿದಳು. ಹಾಕಿ, ತಿರುವು ನೋಡಿಕೊಂಡು, ಆಮೇಲೆ ವೇಗ ಹೆಚ್ಚಿಸಿದಳು. ಅವಳಿಗೆ ಹೊಸ ಸಂತೋಷವೊಂದು ಸಿಕ್ಕಿತು. ಕಾರು ತನ್ನ ಮಾತು ಕೇಳುತ್ತದೆ ಎಂಬ ಸಂತೋಷ. ಮೊದಲು ಅವಳು ಕಾರಿನೊಳಗೆ ಕೂತಿರುತ್ತಿದ್ದಳು. ಈಗ ಕಾರನ್ನು ನಡೆಸುತ್ತಿದ್ದಳು.

ಕೆಳಗೆ ಇಳಿದ ಮೇಲೆ ಎರ್ರಿಸ್ವಾಮಿ ಕೆಂಪು ಬಟ್ಟೆ ತೆಗೆದ. ಎಲ್ಲರೂ ಸುತ್ತ ನಿಂತರು.

"ಲೆಕ್ಕ ಹಾಕೋದೇ ಬ್ಯಾಡ. ದೀಪ ಆರಲೇ ಇಲ್ಲ," ಎಂದು ಬಟ್ಟೆಯನ್ನು ಅವಳ ಕೈಗೆ ಕೊಟ್ಟ. "ನೀನೇ ಕಟ್ಟಿಕೋ ತಂಗೆಮ್ಮ."

ಹುಲಿಗೆಮ್ಮ ಬಟ್ಟೆ ತೆಗೆದುಕೊಂಡಳು. ಮುಂದಿನ ಚಕ್ರದ ಹತ್ತಿರ ಕೂತಳು. ಬ್ರೇಕ್ ಪ್ಯಾಡಿನ ಕಪ್ಪು ಪುಡಿ ಚಕ್ರಕ್ಕೆ ಮೆತ್ತಿತ್ತು. ಆ ಬಟ್ಟೆಯಿಂದ ಅದನ್ನು ನಿಧಾನವಾಗಿ ಒರೆಸಿದಳು. ಆಮೇಲೆ ಕೈ ಒರೆಸಿಕೊಂಡು ಬಟ್ಟೆಯನ್ನು ವಾಪಸು ಕೊಟ್ಟಳು.

"ಇದು ಇದಕ್ಕೇ ಚಲೋ ಅಣ್ಣ," ಎಂದಳು.

ಯಾರೋ ಕಿಸಕ್ಕನೆ ನಕ್ಕರು. ಎರ್ರಿಸ್ವಾಮಿಯ ಮುಖ ಕೆಂಪಾಯಿತು. "ಪದ್ಧತಿ ಮುರೀತೀಯಾ?"

"ಮುರೀತೀನಿ. ಬ್ರೇಕ್ ಹಾಕಿದ್ದು ತಪ್ಪಲ್ಲ. ತಪ್ಪು ಮಾಡದೆ ನಾನು ಯಾವ ಬಟ್ಟೇನೂ ಕಟ್ಟಲ್ಲ."

"ಬ್ರೇಕು ನಮಗೂ ಅದಾವ. ನೋಡಿಲ್ಲಿ," ಎಂದು ಅವನು ತನ್ನ ಕಾರಿನ ಚಕ್ರ ತೋರಿಸಿದ. ಚಕ್ರದ ಕಡ್ಡಿಗಳ ನಡುವೆ ಬ್ರೇಕಿನ ಪ್ಯಾಡು ಹಿಡಿಯುವ ಕ್ಯಾಲಿಪರ್ ಕೆಂಪಗೆ ಹೊಳೆಯುತ್ತಿತ್ತು. ಹುಲಿಗೆಮ್ಮ ಬಗ್ಗಿ ನೋಡಿದಳು. ಕಂಪನಿಯಿಂದ ಬಂದ ಹಳೇ ಕ್ಯಾಲಿಪರಿಗೆ ಹೊಸ ಬಣ್ಣ ಬಳಿಸಿದ್ದ. ಬಣ್ಣ ಬದಲಾಗಿತ್ತು, ಬ್ರೇಕು ಬದಲಾಗಿರಲಿಲ್ಲ.

"ಅಣ್ಣ, ಇದು ನನ್ನ ಹಳೇ ಬ್ರೇಕಿನಂಥದೇ. ನನ್ನದು ಕೈ ಕೊಟ್ಟಿದ್ದು ನೀವೇ ಕಣ್ಣಾರೆ ಕಂಡೀರಿ. ಬಣ್ಣ ಹಚ್ಚಿದರೆ ಬಿಸಿ ತಡೆಯಲ್ಲ. ಮಸ್ತಾನ್ ಸಾಬರ ಹತ್ರ ತೋರಿಸ್ರಿ."

ಅವಳು ನಿಜವಾಗಿಯೂ ಕಾಳಜಿಯಿಂದಲೇ ಹೇಳಿದ್ದಳು. ಆದರೆ ನಾಲ್ಕು ಜನರ ಎದುರು ಹೇಳಿದ್ದರಿಂದ ಅವನಿಗೆ ಅದು ಅವಮಾನವಾಗಿ ಕಂಡಿತು.

"ಅಷ್ಟು ದೊಡ್ಡ ಬ್ರೇಕ್ ಹಾಕ್ಸೀಯಲ್ಲ," ಎಂದ. "ಮುಂದಿನ ವಾರ ನೀನೇ ಮುಂದೆ ಇಳಿ. ನಾನು ಹಿಂದೆ ಇರ್ತೀನಿ. ಅಷ್ಟು ಬ್ರೇಕ್ ಇದ್ದ ಮ್ಯಾಲೆ ನಮಗಿಂತ ಜೋರು ಇಳೀಬೇಕಲ್ಲ? ನಿಧಾನ ಮಾಡಿದರೆ ಹಾರ್ನ್ ಹೊಡೆದು ಓಡಿಸ್ತೀನಿ."

"ಮುಂದೆ ಇಳೀತೀನಿ," ಎಂದಳು ಹುಲಿಗೆಮ್ಮ. "ಆದರೆ ಎಷ್ಟು ಜೋರು ಅನ್ನೋದು ನನ್ನ ಕಾಲು ಹೇಳ್ತೈತೆ. ನಿಮ್ಮ ಹಾರ್ನಲ್ಲ."

ಆ ವಾರ ರಸ್ತೆ ಗುತ್ತಿಗೆದಾರ ಘಾಟಿಯಲ್ಲಿ ಹೊಸ ಕೆಲಸ ಶುರು ಮಾಡಿಸಿದ್ದ. ಲಾರಿಗಳಿಂದ ಉದುರಿದ ಕೆಂಪು ಮಣ್ಣು ತಿರುವುಗಳಲ್ಲಿ ದಪ್ಪಗೆ ಕೂತಿತ್ತು. ಅದನ್ನು ಗುಡಿಸಿ ತೆಗೆಯಲು ಹೆಂಗಸರನ್ನು ಹಚ್ಚಿದ್ದ. ಲಾರಿ ಇಲ್ಲದ ದಿನವೇ ಅವರಿಗೆ ಅನುಕೂಲ. ಆ ಭಾನುವಾರ ಗುಂಪಿನವರು ಮೇಲೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ ಆ ಹೆಂಗಸರು ಟ್ರ್ಯಾಕ್ಟರಿನಲ್ಲಿ ಬಂದು ನಡುಘಾಟಿಯ ತಿರುವಿನಲ್ಲಿ ಇಳಿದರು. ಅಡ್ಡಲಾಗಿ ಒಂದು ಜಾಲಿ ಕೊಂಬೆ ಇಟ್ಟು ಗುಡಿಸತೊಡಗಿದರು. ಆ ಕೊಂಬೆ ಮೇಲಿನಿಂದ ಬರುವವರಿಗೆ ತಿರುವು ದಾಟಿದ ಮೇಲೆಯೇ ಕಾಣುವಂತಿತ್ತು.

ಇಳಿಯುವ ಹೊತ್ತಾಯಿತು. ಮೊದಲು ಹುಲಿಗೆಮ್ಮ. ಅವಳ ಹಿಂದೆ ಎರ್ರಿಸ್ವಾಮಿ. ಅವನ ಹಿಂದೆ ಪ್ರಹ್ಲಾದ, ಊರಿನ ಕಾಲೇಜೊಂದರಲ್ಲಿ ಪಾಠ ಹೇಳುವವನು, ಯಾರ ಜೊತೆಗೂ ಜಗಳ ಬೇಡವೆಂದು ಸದಾ ಸುಮ್ಮನಿರುವವನು. ಉಳಿದವರು ಅವನ ಹಿಂದೆ.

ಮೊದಲ ತಿರುವಿನಿಂದಲೇ ಹಾರ್ನ್ ಶುರುವಾಯಿತು. ಎರ್ರಿಸ್ವಾಮಿ ಅವಳ ಹಿಂಬದಿಗೆ ಅಂಟಿಕೊಂಡ ಹಾಗೆ ಬರುತ್ತಿದ್ದ. ದೀಪ ಮಿಟುಕಿಸುತ್ತಿದ್ದ. ಹುಲಿಗೆಮ್ಮ ಕನ್ನಡಿಯಲ್ಲಿ ನೋಡಿದಳು. ಅವಳ ಕಿವಿ ಬಿಸಿಯಾಯಿತು. ಒಂದು ಕ್ಷಣ ಅವಳಿಗೂ ಅನ್ನಿಸಿತು: ನನ್ನ ಹತ್ತಿರ ಇರುವ ಬ್ರೇಕಿಗೆ ಇವನನ್ನು ಎರಡು ತಿರುವಿನಲ್ಲಿ ಕಾಣದ ಹಾಗೆ ಮಾಡಬಲ್ಲೆ. ಕಾಲು ಆಕ್ಸಿಲರೇಟರ್ ಮೇಲೆ ಭಾರವಾಯಿತು. ಆಮೇಲೆ ಅವಳೇ ಗಟ್ಟಿಯಾಗಿ ಅಂದುಕೊಂಡಳು, "ಒತ್ತಲ್ಲ. ಏನ್ ಮಾಡ್ಕೋತಿಯೋ ಮಾಡ್ಕೋ."

ತಿರುವಿಗೆ ಬಹಳ ಮುಂಚೆಯೇ ಬ್ರೇಕ್ ಹಾಕಿದಳು. ಹಾರ್ನ್ ಇನ್ನೂ ಜೋರಾಯಿತು. ಅವಳು ಇನ್ನೂ ನಿಧಾನ ಮಾಡಿದಳು. ಎರ್ರಿಸ್ವಾಮಿ ಬೇಕೆಂದೇ ಸ್ವಲ್ಪ ಹಿಂದೆ ಉಳಿದು, ಮತ್ತೆ ಮೈಮೇಲೆ ಬರುವ ಹಾಗೆ ವೇಗ ಹೆಚ್ಚಿಸಿದ. ನಡುಘಾಟಿಯ ತಿರುವು ಬಂತು. ಕಾರು ತಿರುಗಿತು.

ಜಾಲಿ ಕೊಂಬೆ. ಅದರಾಚೆ ಹೆಂಗಸರು. ಪೊರಕೆ, ಬುಟ್ಟಿ, ಕೆಂಪು ದೂಳು.

ಹುಲಿಗೆಮ್ಮ ಪೆಡಲ್ ಒತ್ತಿದಳು. ಕಾರು ಮೂತಿ ತಗ್ಗಿಸಿ, ನೆಟ್ಟಗೆ, ಅಲುಗಾಡದೆ, ಕೊಂಬೆಗಿಂತ ಈಚೆಗೇ ನಿಂತುಬಿಟ್ಟಿತು. ಹೆಂಗಸರು ಕೂಗಿಕೊಂಡು ಎರಡೂ ಬದಿಗೆ ಓಡಿದರು. ಎಲ್ಲರಿಗಿಂತ ಹಿರಿಯಳಾದ ತಾಯಮ್ಮ ಎಂಬ ಮುದುಕಿಗೆ ಓಡಲಾಗಲಿಲ್ಲ. ಬುಟ್ಟಿ ಎಡವಿ ರಸ್ತೆಯ ನಡುವೆ, ಹುಲಿಗೆಮ್ಮನ ಕಾರಿನ ಮುಂದೆಯೇ ಬಿದ್ದಳು.

ಹುಲಿಗೆಮ್ಮ ಕನ್ನಡಿ ನೋಡಿದಳು. ಎರ್ರಿಸ್ವಾಮಿಯ ಕಾರು ತಿರುವಿನಿಂದ ಹೊರಬಂತು. ಅವನು ಬ್ರೇಕ್ ಒತ್ತಿದ್ದ, ಅವನ ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು. ಕಾರು ಮಾತ್ರ ನಿಲ್ಲುತ್ತಿರಲಿಲ್ಲ. ಆ ಹೊಗೆ ಅವಳಿಗೆ ಗುರುತಿತ್ತು.

ಎಡಗಡೆ ಗುಡ್ಡದ ಬದಿಗೆ ಅಗಲವಾದ ಚರಂಡಿಯಿತ್ತು. ಬ್ರೇಕ್ ಬಿಟ್ಟು ಅಲ್ಲಿಗೆ ತಿರುಗಿಸಿದ್ದರೆ ಅವಳ ಕಾರು ಉಳಿಯುತ್ತಿತ್ತು, ಅವಳೂ ಉಳಿಯುತ್ತಿದ್ದಳು. ಆದರೆ ಅವಳು ಸರಿದರೆ ಎರ್ರಿಸ್ವಾಮಿಯ ಕಾರಿಗೂ ತಾಯಮ್ಮನಿಗೂ ನಡುವೆ ಏನೂ ಇರುತ್ತಿರಲಿಲ್ಲ.

ಹುಲಿಗೆಮ್ಮ ಸರಿಯಲಿಲ್ಲ. ಹ್ಯಾಂಡ್ ಬ್ರೇಕ್ ಎಳೆದಳು. ಪೆಡಲನ್ನು ಎರಡೂ ಕಾಲಿನಿಂದ ಒತ್ತಿ ಹಿಡಿದಳು. ತಲೆಯನ್ನು ಸೀಟಿಗೆ ಆನಿಸಿ ಕಣ್ಣು ಮುಚ್ಚಿದಳು.

ಢಮಾರ್ ಎಂದು ಸದ್ದಾಯಿತು. ಹಿಂದಿನ ಗಾಜು ಪುಡಿಯಾಗಿ ಅವಳ ಕೂದಲ ಮೇಲೆ ಸುರಿಯಿತು. ಕಾರು ಟೈರು ಕಿರುಚಿಸುತ್ತ ಜಾಲಿ ಕೊಂಬೆಯನ್ನು ತಳ್ಳಿಕೊಂಡು ಮುಂದೆ ಜಾರಿತು. ಜಾರಿತು, ಜಾರಿತು, ನಿಂತಿತು.

ಕಣ್ಣು ತೆರೆದಾಗ ಬಾನೆಟ್ಟಿನ ಮುಂದೆ ಏನೂ ಕಾಣಲಿಲ್ಲ. ಮುದುಕಿ ಎಲ್ಲಿ ಹೋದಳು? ಬಾಗಿಲು ತಳ್ಳಿ ಇಳಿದಳು. ಕತ್ತು ತಿರುಗುತ್ತಿರಲಿಲ್ಲ, ಮೈಯನ್ನೇ ತಿರುಗಿಸಿ ನೋಡಿದಳು. ತಾಯಮ್ಮ ರಸ್ತೆಯಲ್ಲಿ ಕೂತಿದ್ದಳು. ಅವಳ ಕಾಲಿಗೂ ಕಾರಿನ ಬಂಪರಿಗೂ ನಡುವೆ ಒಂದು ಪೊರಕೆಯುದ್ದ ಜಾಗವಿತ್ತು. ಮುದುಕಿ ಸೀರೆಯ ದೂಳು ಕೊಡವಿಕೊಳ್ಳುತ್ತಿದ್ದಳು.

ಎರ್ರಿಸ್ವಾಮಿಗೆ ಮೂಗಿನಿಂದ ರಕ್ತ ಬರುತ್ತಿತ್ತು. ಏರ್‌ಬ್ಯಾಗ್ ಒಡೆದು ಮುಖಕ್ಕೆ ಬಡಿದಿತ್ತು. ಇಳಿದವನೇ ಕೂಗಾಡಿದ.

"ಯಾಕ್ ನಿಂತೆ? ನಡು ರಸ್ತೇಲಿ ಯಾರಾದರೂ ಬ್ರೇಕ್ ಹಾಕ್ತಾರೇನು? ನಿನ್ನಿಂದ ನನ್ನ ಕಾರು ಹೋಯ್ತು!"

"ಬ್ರೇಕ್ ಹಾಕ್ತಾರೆ," ಎಂದಳು ಹುಲಿಗೆಮ್ಮ. "ಅದು ಇರೋದೇ ಅದಕ್ಕೆ. ಕಾರಿನ ಮಾತು ಆಮ್ಯಾಲೆ. ಮೊದಲು ಈ ಅಜ್ಜಿನ್ನ ನೋಡ್ರಿ."

ಅವನು ನೋಡಲಿಲ್ಲ. ಹಿಂದೆ ಬಂದು ನಿಂತ ಗುಂಪಿನ ಕಡೆ ತಿರುಗಿದ. "ನೀವೇ ಹೇಳ್ರಿ. ಈಕಿ ಏಕಾಏಕಿ ನಿಂತಳೋ ಇಲ್ಲೋ?"

ಒಬ್ಬರು, "ಸ್ವಲ್ಪ ಮುಂದೆ ಹೋಗಿ ನಿಲ್ಲಿಸಬಹುದಿತ್ತಕ್ಕ," ಎಂದರು. ಮುಂದೆ ಏನಿತ್ತು ಎಂದು ಅವರು ನೋಡಿಯೂ ಇರಲಿಲ್ಲ.

ಆಗ ತಾಯಮ್ಮ ಎದ್ದು ನಿಂತಳು. ಎರ್ರಿಸ್ವಾಮಿಯನ್ನು ಅಡಿಯಿಂದ ಮುಡಿಯ ತನಕ ನೋಡಿದಳು.

"ಆಯಮ್ಮ ನಿಂತಳು," ಎಂದಳು. "ನೀನ್ಯಾಕೆ ನಿಲ್ಲಲಿಲ್ಲಪ್ಪ?"

ಪ್ರಹ್ಲಾದ ಗುಂಪಿನಿಂದ ಮುಂದೆ ಬಂದ. "ಹುಲಿಗೆಮ್ಮಕ್ಕ ತಿರುವಿಗೆ ಮೊದಲೇ ಬ್ರೇಕ್ ಹಾಕಿದ್ರು. ನಾನು ಹಿಂದಿನಿಂದ ನೋಡೀನಿ. ಅವರು ನಿಧಾನ ಮಾಡಿದಾಗೆಲ್ಲ ನೀವು ಹಾರ್ನ್ ಹೊಡೆದ್ರಿ ಅಣ್ಣ. ನನಗೆ ನಿಲ್ಲಾಕೆ ಜಾಗ ಸಿಕ್ಕಿದ್ದು ನಾನು ದೂರ ಇದ್ದೆ ಅಂತ. ಹತ್ತಿರ ಇದ್ದಿದ್ರೆ ನನ್ನ ಬ್ರೇಕೂ ನಿಲ್ಲಿಸ್ತಿರಲಿಲ್ಲ."

ಎರ್ರಿಸ್ವಾಮಿ ಅವನನ್ನು ದುರುಗುಟ್ಟಿ ನೋಡಿದ. ಪ್ರಹ್ಲಾದ ಕಣ್ಣು ತಗ್ಗಿಸಿದ, ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಪೊಲೀಸರು ಬಂದು ನೋಡಿಕೊಂಡು ಹೋದರು. ಇಬ್ಬರ ಹೇಳಿಕೆಯನ್ನೂ ಆಮೇಲೆ ತೆಗೆದುಕೊಳ್ಳುತ್ತೇವೆ ಎಂದರು. ಡಾಕ್ಟರು ಹುಲಿಗೆಮ್ಮನ ಕತ್ತಿಗೆ ಪಟ್ಟಿ ಹಾಕಿದರು.

ಕೆಲವು ದಿನಗಳಾದ ಮೇಲೆ ಎರ್ರಿಸ್ವಾಮಿ ಅವಳ ಹೊಲಿಗೆ ಘಟಕಕ್ಕೆ ಬಂದ. ಕೈಯಲ್ಲಿ ಹಣ್ಣಿನ ಚೀಲವಿತ್ತು. ಕುರ್ಚಿ ಎಳೆದುಕೊಂಡು ಕೂತು ಮೆತ್ತಗೆ ಮಾತಾಡಿದ.

"ತಂಗೆಮ್ಮ, ಆದದ್ದು ಆಯ್ತು. ಪೊಲೀಸರು ಕೇಳಿದರೆ ನಾಯಿ ಅಡ್ಡ ಬಂತು, ಗಕ್ಕನೆ ನಿಲ್ಲಿಸಿದೆ ಅಂತ ಹೇಳಿಬಿಡು. ಯಾರ ತಪ್ಪೂ ಅಲ್ಲ ಅಂತ ಮುಗೀತೈತೆ. ನಮ್ಮ ಗುಂಪಿಗೆ ಇನ್ಮ್ಯಾಲೆ ನೀನೇ ಮುಖಂಡೆ. ನಾನೇ ಎಲ್ಲರಿಗೂ ಹೇಳ್ತೀನಿ."

"ಅಲ್ಲಿ ನಾಯಿ ಇರಲಿಲ್ಲ," ಎಂದಳು ಹುಲಿಗೆಮ್ಮ. "ಹೆಂಗಸರಿದ್ರು."

"ಗೊತ್ತು. ನಾನು ಹೇಳೋದು..."

"ನೀವು ಹೇಳೋದು ನನಗೆ ತಿಳೀತು. ತಾಯಮ್ಮನ್ನ ನಾಯಿ ಮಾಡು ಅಂತೀರಿ. ಮಾಡಲ್ಲ."

ಎರ್ರಿಸ್ವಾಮಿಯ ದನಿ ಬದಲಾಯಿತು. "ನಿನ್ನ ಪ್ಯಾಂಟು ಸಗಟು ಕೊಳ್ಳೋನು ನನ್ನ ಭಾವಮೈದ. ನೆನಪೈತಲ್ಲ?"

ಘಟಕದಲ್ಲಿ ಮಿಷನ್ನುಗಳ ಸದ್ದು ಒಂದೊಂದಾಗಿ ನಿಂತಿತು. ಕೆಲಸದವರು ಕಿವಿಗೊಟ್ಟಿದ್ದರು. ಆ ಭಾವಮೈದ ಮಾಲು ಕೊಳ್ಳುವುದನ್ನು ನಿಲ್ಲಿಸಿದರೆ ಆ ಮಿಷನ್ನುಗಳಲ್ಲಿ ಅರ್ಧ ಸುಮ್ಮನೆ ಕೂರಬೇಕು. ಅದು ಹುಲಿಗೆಮ್ಮನಿಗೂ ಗೊತ್ತು, ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಅವಳಿಗೆ ಹೆದರಿಕೆಯಾಯಿತು. ಆದರೂ ಅವಳು ಹಣ್ಣಿನ ಚೀಲ ಎತ್ತಿ ಅವನ ಕೈಗಿಟ್ಟಳು.

"ನೆನಪೈತೆ. ಅವರಿಗೂ ಹೇಳ್ರಿ, ಊರಿಗೂ ಹೇಳ್ರಿ. ನಾನು ಹೇಳೋದು ಒಂದೇ. ಹೆಂಗಸರಿದ್ರು, ನಾನು ನಿಂತೆ, ನೀವು ನಿಲ್ಲಲಿಲ್ಲ. ಬೇಕಾದರೆ ನಿಮ್ಮ ಕಾರು ತಗೊಂಡು ಬರ್ರಿ, ಮಸ್ತಾನ್ ಸಾಬರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಆ ಸಹಾಯ ಮಾಡ್ತೀನಿ. ಸುಳ್ಳಿನ ಸಹಾಯ ಮಾಡಲ್ಲ."

ಎರ್ರಿಸ್ವಾಮಿ ಎದ್ದು ಹೋದ.

ಅವನು ಹೇಳಿದಂತೆಯೇ ಮಾಡಿದ. ಭಾವಮೈದ ಮಾಲು ಕೊಳ್ಳುವುದನ್ನು ನಿಲ್ಲಿಸಿದ. ಹುಲಿಗೆಮ್ಮ ಕತ್ತಿನ ಪಟ್ಟಿ ಹಾಕಿಕೊಂಡೇ ಬಸ್ಸು ಹತ್ತಿ ಹುಬ್ಬಳ್ಳಿಗೆ, ರಾಯಚೂರಿಗೆ, ಕರ್ನೂಲಿಗೆ ಹೋಗಿ ಅಂಗಡಿ ಅಂಗಡಿಗೆ ಪ್ಯಾಂಟು ತೋರಿಸಿದಳು. ಕೆಲವು ಕಡೆ ಬೇಡ ಎಂದರು. ಕೆಲವು ಕಡೆ ತೆಗೆದುಕೊಂಡರು. ಘಟಕ ಮೊದಲಿನಷ್ಟು ನಡೆಯಲು ಬಹಳ ಕಾಲ ಹಿಡಿಯಿತು. ಒಬ್ಬರನ್ನೂ ಅವಳು ಕೆಲಸದಿಂದ ತೆಗೆಯಲಿಲ್ಲ.

ಪೊಲೀಸರ ಮುಂದೆ ಅವಳು ಇದ್ದದ್ದನ್ನೇ ಹೇಳಿದಳು. ಪ್ರಹ್ಲಾದನೂ ಹೇಳಿದ. ತಾಯಮ್ಮ ಎಲ್ಲರಿಗಿಂತ ಜೋರಾಗಿ ಹೇಳಿದಳು. ಎರ್ರಿಸ್ವಾಮಿಯ ಲೈಸೆನ್ಸ್ ಕೆಲವು ತಿಂಗಳು ಅಮಾನತಾಯಿತು. ಅವನು ಕೊನೆಯ ತನಕ ಕ್ಷಮೆ ಕೇಳಲಿಲ್ಲ. ಗುಂಪು ಒಡೆಯಿತು. ಅರ್ಧ ಜನ ಅವನ ಜೊತೆಗೇ ಉಳಿದರು. ಪ್ರಹ್ಲಾದ ಮತ್ತು ಇನ್ನಿಬ್ಬರು ಒಂದು ಬೆಳಿಗ್ಗೆ ತಮ್ಮ ಕಾರುಗಳನ್ನು ತಂದು ಮಸ್ತಾನ್ ಸಾಬರ ಗ್ಯಾರೇಜಿನ ಮುಂದೆ ಸಾಲಾಗಿ ನಿಲ್ಲಿಸಿದರು.

ಹುಲಿಗೆಮ್ಮನ ಕಾರು ರಿಪೇರಿಯಾಗಿ ಬಂದ ದಿನ ಅವಳ ಅಕ್ಕ ಹನುಮಕ್ಕ ಊರಿನಿಂದ ಬಂದಿದ್ದಳು. ಕಾರು ನೋಡಿ ಗೋಳಾಡಿದಳು. "ಇನ್ನಾದರೂ ಇದನ್ನ ಮಾರಿಬಿಡೇ. ಸಾಯಾಕೆ ಹೋಗಿದ್ಯಲ್ಲ. ಸುಮ್ಮನೆ ಮನೇಲಿರು."

"ಯಾಕೆ ಮಾರಲಿ? ತಪ್ಪು ಕಾರಿನದಲ್ಲ, ಘಾಟಿದಲ್ಲ, ನನ್ನದೂ ಅಲ್ಲ. ಬಾ, ಕೂತ್ಕೋ."

"ನಾನಾ? ಅಯ್ಯೋ ಬ್ಯಾಡವ್ವ!"

"ಬಾ ಅಂದ್ನಲ್ಲ."

ಹನುಮಕ್ಕ ಬೈದುಕೊಳ್ಳುತ್ತಲೇ ಹತ್ತಿದಳು. ಘಾಟಿ ಹತ್ತುವಾಗ ದೇವರ ಹೆಸರು ಹೇಳಿದಳು. ಇಳಿಯುವಾಗ ಬಾಗಿಲಿನ ಮೇಲಿನ ಹಿಡಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು. ಹುಲಿಗೆಮ್ಮ ನೇರ ದಾರಿಯಲ್ಲಿ ಖುಷಿಯಿಂದ ಓಡಿಸಿದಳು, ತಿರುವು ಬರುವ ಮೊದಲು ಬ್ರೇಕ್ ಹಾಕಿದಳು. ಕಾರು ಪ್ರತಿ ಸಲವೂ ಹೇಳಿದಲ್ಲಿಗೆ ನಿಧಾನವಾಯಿತು. ಒಂದು ತಿರುವು, ಇನ್ನೊಂದು ತಿರುವು. ನಡುಘಾಟಿ ದಾಟುವ ಹೊತ್ತಿಗೆ ಹನುಮಕ್ಕ ಒಂದು ಕೈ ಬಿಟ್ಟು ಸೆರಗು ಸರಿಮಾಡಿಕೊಂಡಳು. ಇನ್ನಷ್ಟು ಇಳಿದ ಮೇಲೆ ಇನ್ನೊಂದು ಕೈಯನ್ನೂ ಬಿಟ್ಟಳು. ಕಿಟಕಿ ಇಳಿಸಿ ಗಾಳಿಗೆ ಮುಖ ಕೊಟ್ಟು ಕೇಳಿದಳು:

"ಇನ್ನೊಂದು ಸಲ ಹತ್ತಿ ಇಳಿಯಾಣೇನು?"

ನೀತಿ: ಮಕ್ಕಳೇ, ಓಡುವ ಶಕ್ತಿಯನ್ನು ಹೆಚ್ಚಿಸಿಕೊಳ್ಳುವವರು ಅದಕ್ಕಿಂತ ಮೊದಲು ನಿಲ್ಲುವ ಶಕ್ತಿಯನ್ನು ಹೆಚ್ಚಿಸಿಕೊಳ್ಳಬೇಕು. ನಿಲ್ಲಬೇಕಾದ ಕಡೆ ನೀವು ನಿಂತಾಗ ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಪುಕ್ಕಲರು ಎನ್ನುತ್ತಾರೆ, ನಗುತ್ತಾರೆ. ಹೊಡೆಯಲಿ, ಅನ್ನಲಿ, ನಗಲಿ. ನೀವು ಕಾಲು ತೆಗೆಯಬೇಡಿ.